ಕನ್ನಡಿಯಲ್ಲಿ ಹಿಂದಿನ ಬೈಕು ಕಾಣುತ್ತಿರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಮ್ಮ ಬೈಕ್ ಬಳಗದ ಎಲ್ಲ ಗೆಳೆಯರಿಗೆ, ಹಾಗೂ ಭಾನುವಾರದ ಬೆಳಗ್ಗೆ ಕೆ.ಬಿ. ಕ್ರಾಸ್ ದಾಟಿ ಹೋಗುವ ಹೊರಊರುಗಳ ಸವಾರರಿಗೆ,



ಸಂಕ್ರಾಂತಿ ಕಳೆದ ಎರಡನೇ ಭಾನುವಾರ ನಮ್ಮ ಹುಡುಗ ಬಿದ್ದದ್ದು ಬಳಗದವರಿಗೆಲ್ಲ ಗೊತ್ತಿದೆ. ಹೆಗಲ ಮೂಳೆ ಮುರಿದಿತ್ತು, ಈಗ ಕೂಡಿಕೊಂಡಿದೆ. ಇನ್ನು ಸ್ವಲ್ಪ ದಿನಕ್ಕೆ ಗಾಡಿ ಮುಟ್ಟಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಹುಷಾರಾದನಲ್ಲ ಎಂಬ ಸಮಾಧಾನದಲ್ಲಿ ನಾವು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಟ್ಟೆವು. ಈಗ ಮುಂದಿನ ಟ್ರಿಪ್ಪಿನ ಮಾತು ಶುರುವಾಗಿದೆ. ಒಬ್ಬರು ಕೊಡಚಾದ್ರಿ ಎನ್ನುತ್ತಾರೆ, ಇನ್ನೊಬ್ಬರು ಕೆಮ್ಮಣ್ಣುಗುಂಡಿ ಎನ್ನುತ್ತಾರೆ. ಹೊರಡುವ ಮೊದಲು ಆ ಭಾನುವಾರದ ಲೆಕ್ಕ ಮುಗಿಸಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ. ಅವತ್ತು ಸಾಲಿನ ಕಟ್ಟಕಡೆಯ ಬೈಕು ನನ್ನದು. ಮುಂದಿದ್ದವರು ನೋಡದೇ ಇದ್ದದ್ದನ್ನು ನಾನು ನೋಡಿದ್ದೇನೆ.

ನಾವು ಹೊರಟದ್ದು 14 ಬೈಕು. ತಿಪಟೂರು ಬಿಟ್ಟು ಶೆಟ್ಟಿಕೆರೆ ಮೇಲೆ ಚಿಕ್ಕನಾಯಕನಹಳ್ಳಿ, ಹುಳಿಯಾರು, ಅಲ್ಲಿಂದ ಹಿರಿಯೂರು ಕಡೆಗೆ ಹೋಗಿ ಮಾರಿಕಣಿವೆ ನೋಡಿಕೊಂಡು ಬರುವುದು ಎಂದು ಮಾತಾಗಿತ್ತು. ಮುಂದಿನ ಐದು ಗಾಡಿ ಮೊದಲ ಹತ್ತು ನಿಮಿಷದಲ್ಲೇ ಕಣ್ಣಿಗೆ ಮರೆಯಾದವು. ನಡುವಿನ ನಾಲ್ವರು ಅವರನ್ನು ಹಿಡಿಯಲು ಹೋದರು. ಹತ್ತನೆಯವನು ನಮ್ಮ ಈ ಹುಡುಗ. ಬಳಗಕ್ಕೆ ಸೇರಿ ಮೂರು ತಿಂಗಳು. ಮುಂದೆ ಯಾರೂ ಕಾಣುತ್ತಿಲ್ಲ, ದಾರಿ ಗೊತ್ತಿಲ್ಲ, ಹಿಂದೆ ಉಳಿದರೆ ಏನೆಂದುಕೊಳ್ಳುತ್ತಾರೋ ಎಂಬ ನಾಚಿಕೆ ಬೇರೆ. ಅವನು ಆಕ್ಸಲರೇಟರ್ ತಿರುವಿದ್ದು ನನಗೆ ಹಿಂದಿನಿಂದ ಸದ್ದಿನಲ್ಲೇ ತಿಳಿಯಿತು. ಎರಡೂ ಕಡೆ ತೆಂಗಿನ ತೋಟ, ಎಡಕ್ಕೊಂದು ತಿರುವು. ತಿರುವಿನ ಆಚೆ ಟಾರಿನ ಮೇಲೆ ಅರ್ಧ ರಸ್ತೆಗೆ ಹುರುಳಿ ಹರವಿದ್ದರು. ಅವನು ಮುಂದಿನ ಬ್ರೇಕು ಹಿಡಿದ. ಒಣಗಿದ ಹುರುಳಿಕಾಳು ಟಾರಿನ ಮೇಲೆ ಬೇರಿಂಗ್ ಗುಂಡುಗಳ ಹಾಗೆ. ಮುಂದಿನ ಚಕ್ರ ಸರ್ರನೆ ಜಾರಿತು. ಗಾಡಿ ಒಂದು ಕಡೆ, ಹುಡುಗ ಒಂದು ಕಡೆ.

ಮೊದಲು ಓಡಿ ಬಂದವಳು ಹುರುಳಿ ಹರವಿದ ಅಜ್ಜಿಯೇ. ಕೈಯಲ್ಲಿದ್ದ ಪೊರಕೆ ಬಿಸಾಡಿ ಬಂದಳು. ಅವನ ತೋಳು ಜೋತುಬಿದ್ದದ್ದನ್ನು ನೋಡಿ, ಒಳಗೆ ಹೋಗಿ ಮಗನ ಟವೆಲ್ ತಂದಳು. ನಾವು ಅದನ್ನು ಕೊರಳಿಗೆ ಸುತ್ತಿ ಕೈಗೆ ಆನಿಕೆ ಮಾಡಿ ಕಟ್ಟಿದೆವು. ಅವಳು ಎಳನೀರು ಕೊಚ್ಚಿಸಿ ತಂದು ಅವನ ಬಾಯಿಗೆ ಹಿಡಿದಳು, ಅವನು ಕುಡಿದ. 108 ಆಂಬುಲೆನ್ಸ್ ಬಂತು. ಬಂದ ಸಿಬ್ಬಂದಿ ನಮಗೆ ಹೇಳಿದ ಮೊದಲ ಮಾತೇ ಇದು: ಪೆಟ್ಟು ಬಿದ್ದವರಿಗೆ ಕುಡಿಯಲು ಏನನ್ನೂ ಕೊಡಬೇಡಿ, ಆಪರೇಷನ್ ಮಾಡಬೇಕಾಗಿ ಬಂದರೆ ಹೊಟ್ಟೆಯಲ್ಲಿ ನೀರಿದ್ದರೂ ಅಪಾಯ. ಅಜ್ಜಿಗೆ ಅದು ಗೊತ್ತಿರಲಿಲ್ಲ. ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಓಡಿಸುವ ನಮಗೂ ಗೊತ್ತಿರಲಿಲ್ಲ.

ಮುಂದೆ ಹೋದ ಒಂಬತ್ತು ಮಂದಿ ಹುಳಿಯಾರಿನಲ್ಲಿ ಟೀಗೆ ನಿಂತು ಎಣಿಸಿ ನೋಡಿದಾಗ ಮುಕ್ಕಾಲು ಗಂಟೆ ಕಳೆದಿತ್ತು. ಆ ಮುಕ್ಕಾಲು ಗಂಟೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಬೀಳುವುದು ಯಾರಿಗೂ ತಪ್ಪಿದ್ದಲ್ಲ. ಆದರೆ ಜೊತೆಯಲ್ಲಿ ಹೊರಟವನು ಬಿದ್ದದ್ದು ಜೊತೆಯವರಿಗೆ ತಿಳಿಯದೇ ಹೋದರೆ, ನಾವು ಜೊತೆಯಲ್ಲಿ ಹೋದೆವು ಎಂದು ಹೇಗೆ ಹೇಳುವುದು?

ನಾನು ಬಿ.ಎಚ್. ರಸ್ತೆಯಲ್ಲಿ ಗ್ಯಾರೇಜು ಇಟ್ಟು 30 ವರ್ಷವಾಯಿತು. ಕೈಗೆ ಮೊದಲು ಗ್ರೀಸು ಹತ್ತಿದ್ದು ಯೆಜ್ಡಿ ಗಾಡಿಗಳಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ನಮ್ಮ ಸೀಮೆಯ ತೋಟದ ಮನೆಗಳಲ್ಲಿ ಆ ಗಾಡಿಗಳು ವರ್ಷಗಟ್ಟಲೆ ದುಡಿದವು. ನಮ್ಮಪ್ಪ ನೊಣವಿನಕೆರೆ ಕಡೆಯ ತೋಟದಿಂದ ಕೊಬ್ಬರಿ ಚೀಲವನ್ನು ಯೆಜ್ಡಿಯ ಹಿಂದೆ ಬಿಗಿದು ತಿಪಟೂರಿನ ಮಂಡಿಗೆ ತರುತ್ತಿದ್ದರು. ಹೊರಡುವ ಮುಂಚೆ ಬಲಗಡೆಯ ಕನ್ನಡಿಯನ್ನು ಒಂದಿಷ್ಟು ಒಳಕ್ಕೆ ತಿರುಗಿಸಿಕೊಳ್ಳುತ್ತಿದ್ದರು, ಚೀಲದ ಹಗ್ಗ ಕಾಣುವ ಹಾಗೆ. ಹಗ್ಗ ಸಡಿಲವಾದದ್ದು ಕಂಡರೆ ನಿಂತು ಬಿಗಿದು ಮತ್ತೆ ಹೊರಡುವುದು. ದಾರಿಯಲ್ಲಿ ಚೀಲ ಬಿಚ್ಚಿ ಒಂದು ಗಿಟುಕು ಕೊಬ್ಬರಿ ಉರುಳಿಹೋದರೂ ಅದು ಅವರ ಒಂದು ವರ್ಷದ ಕಾಯುವಿಕೆ.

ಆ ಭಾನುವಾರದ ನಂತರ ನಿಮ್ಮ ಗಾಡಿಗಳು ಒಂದೊಂದಾಗಿ ಸರ್ವೀಸಿಗೆ ನನ್ನ ಬಳಿಗೆ ಬಂದವು. 14ರಲ್ಲಿ ಐದಕ್ಕೆ ಕನ್ನಡಿ ಇರಲಿಲ್ಲ, ಅಥವಾ ಒಂದೇ ಕಡೆ ಇತ್ತು. ನೋಡಲು ಚೆನ್ನಾಗಿರುತ್ತದೆ ಎಂದು ನೀವೇ ಬಿಚ್ಚಿಸಿದ್ದು. ಅದರಲ್ಲಿ ಎರಡನ್ನು ಬಿಚ್ಚಿಕೊಟ್ಟದ್ದು ನಾನೇ. ಇನ್ನು ಮುಂದೆ ಆ ಕೆಲಸ ಮಾಡುವುದಿಲ್ಲ. ಚೀಲಕ್ಕಾಗಿ ನಮ್ಮಪ್ಪ ಕನ್ನಡಿ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಹಿಂದೆ ಬರುವುದು ಮನುಷ್ಯರು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕೂಡಿ ಓಡಿಸುವುದು ಎಂದರೆ ನಿಮ್ಮ ಹಿಂದಿನ ಗಾಡಿಯನ್ನು ನಿಮ್ಮ ಕನ್ನಡಿಯಲ್ಲಿ ಇಟ್ಟುಕೊಂಡು ಓಡಿಸುವುದು. ಮಿಕ್ಕ ನಿಯಮಗಳೆಲ್ಲ ಇದರಿಂದ ಹುಟ್ಟುತ್ತವೆ. ಹಿಂದಿನವನು ಕಾಣದಿದ್ದರೆ ನೀವು ನಿಧಾನ ಮಾಡಿ. ಆಗಲೂ ಕಾಣದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿ. ನೀವು ನಿಂತದ್ದನ್ನು ಕನ್ನಡಿಯಲ್ಲಿ ಕಂಡ ನಿಮ್ಮ ಮುಂದಿನವನೂ ನಿಲ್ಲುತ್ತಾನೆ. ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟುತ್ತದೆ. ಫೋನು ಬೇಡ, ಹಾರನ್ನು ಬೇಡ. ಅವತ್ತು ಒಂಬತ್ತನೆಯವರು ಕನ್ನಡಿ ನೋಡಿದ್ದರೆ ಮೊದಲನೆಯವರಿಗೆ ಐದು ನಿಮಿಷದೊಳಗೆ ಸುದ್ದಿ ಹೋಗುತ್ತಿತ್ತು.

ಸಾಲಿನ ಬಾಲದಲ್ಲಿರುವವರ ಕಷ್ಟ ಮುಂದಿರುವವರಿಗೆ ತಿಳಿಯುವುದಿಲ್ಲ. ಒಂದು ಲೆಕ್ಕ ನೋಡಿ. ಒಂದು ಹಂಪು ಬಂತು. ಪ್ರತಿಯೊಬ್ಬರೂ ನಿಧಾನಿಸಿ ದಾಟುವಾಗ ತಮ್ಮ ಹಿಂದಿನವರಿಗೆ ಎರಡೆರಡು ಸೆಕೆಂಡು ತಡ ಮಾಡುತ್ತಾರೆ ಎಂದಿಟ್ಟುಕೊಳ್ಳಿ. 14ನೆಯವನಿಗೆ ಬರುವ ಹೊತ್ತಿಗೆ ಅದು 26 ಸೆಕೆಂಡು. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಂದರೆ ಮುಂದಿನವರು 60ರಲ್ಲೇ ಹೋಗುತ್ತಿದ್ದರೂ ಬಾಲದವನು 400 ಮೀಟರಿಗೂ ಹೆಚ್ಚು ಹಿಂದೆ ಬಿದ್ದಿರುತ್ತಾನೆ. ಅದನ್ನು ತುಂಬಿಸಲು ಅವನು ಒಂದು ನಿಮಿಷಕ್ಕೂ ಮೀರಿ 80ರಲ್ಲಿ ಓಡಿಸಬೇಕು. ಅಷ್ಟರಲ್ಲಿ ಇನ್ನೊಂದು ಹಂಪು. ಮುಂದಿನವರು ಅವಸರ ಮಾಡದೆಯೇ ಹಿಂದಿನವರಿಗೆ ಇಷ್ಟು ಅವಸರವಾಗುವಾಗ, ಮುಂದಿನವರು 80ರಲ್ಲಿ ಹೋದರೆ ಹಿಂದಿನ ಹೊಸ ಹುಡುಗನ ಗತಿ ಏನು? ಅದಕ್ಕೇ ದೊಡ್ಡ ಸಾಲು ಬೇಡ. ಐದೋ ಆರೋ ಗಾಡಿಯ ಪುಟ್ಟ ತಂಡ ಮಾಡೋಣ. ಪ್ರತಿ ತಂಡಕ್ಕೆ ದಾರಿ ಬಲ್ಲ ಒಬ್ಬರು ಮುಂಗಾವಲು, ಅನುಭವಿ ಒಬ್ಬರು ಹಿಂಗಾವಲು. ಹೊಸಬರು ಮುಂಗಾವಲಿನ ಹಿಂದೆಯೇ, ಎರಡನೆಯ ಜಾಗದಲ್ಲಿ. ಎಲ್ಲರ ವೇಗ ಅವರ ವೇಗ. ಅಗಲ ರಸ್ತೆಯಲ್ಲಿ ಒಬ್ಬರು ಎಡಕ್ಕೆ, ಮುಂದಿನವರು ಬಲಕ್ಕೆ, ಎರಡು ಸೆಕೆಂಡಿನ ಅಂತರ ಬಿಟ್ಟು. ನಮ್ಮ ತೋಟದ ರಸ್ತೆಗಳಲ್ಲಿ, ತಿರುವುಗಳಲ್ಲಿ, ಒಬ್ಬರ ಹಿಂದೆ ಒಬ್ಬರು. ಕೂಡುರಸ್ತೆಯಲ್ಲಿ ತಿರುಗಬೇಕಾದಾಗ ಹಿಂದಿನವರು ಬರುವ ತನಕ ನೀವೇ ಕೈಮರ.

ಇನ್ನು ಹುರುಳಿಯ ಮಾತು. ಅವತ್ತು ಸಂಜೆ ನಮ್ಮಲ್ಲಿ ಕೆಲವರು ರೈತರ ಮೇಲೆ ಸಿಟ್ಟಾಗಿ ಮಾತಾಡಿದರು. ರಸ್ತೆ ಏನು ಇವರಪ್ಪನ ಕಣವಾ ಎಂದರು. ರಸ್ತೆಯಲ್ಲಿ ಒಕ್ಕಣೆ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಹುಲ್ಲು ಚೈನಿಗೆ ಸುತ್ತಿಕೊಂಡ ಗಾಡಿಗಳನ್ನು, ಸೈಲೆನ್ಸರಿನ ಕಾವಿಗೆ ಹುಲ್ಲು ಹೊಗೆಯಾಡಿದ ಗಾಡಿಗಳನ್ನು ನಾನು ಪ್ರತಿ ವರ್ಷ ರಾಗಿ ಕೊಯ್ಲಿನಿಂದ ಹುರುಳಿ ಮುಗಿಯುವವರೆಗೆ ನೋಡುತ್ತೇನೆ. ಆದರೆ ಕಣ ಏಕೆ ರಸ್ತೆಗೆ ಬಂತು ಎಂದೂ ಕೇಳಿಕೊಳ್ಳಿ. ಹಿಂದೆ ಪ್ರತಿ ಮನೆಗೂ ಕಣ ಇತ್ತು. ನೆಲ ಗಟ್ಟಿಸಿ, ಸಗಣಿ ಬಗ್ಗಡ ಬಳಿದು, ಎತ್ತಿಗೆ ರೋಣಗಲ್ಲು ಕಟ್ಟಿ ಒಕ್ಕುತ್ತಿದ್ದರು. ಎತ್ತು ಹೋದವು, ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿಗೆ ಹೋದರು. ಕಣದ ಜಾಗದಲ್ಲೂ ತೆಂಗಿನ ಸಸಿ ಎದ್ದಿತು. ಮನೆಯಲ್ಲಿ ಉಳಿದ ವಯಸ್ಸಾದವರಿಗೆ ಕಾಳು ಬಿಡಿಸಿಕೊಳ್ಳಲು ಉಳಿದದ್ದು ಹೋಗಿಬರುವ ಗಾಡಿಗಳ ಚಕ್ರ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಸಿಟ್ಟಾಗುವ ಬದಲು ನಾವು 14 ಮಂದಿ ನಮ್ಮ ನಮ್ಮ ಊರಿನ ಗ್ರಾಮಸಭೆಯಲ್ಲಿ ಎದ್ದುನಿಂತು ಸಿಮೆಂಟಿನ ಕಣ ಕೇಳೋಣ. ಅಲ್ಲಿಯವರೆಗೆ ನವೆಂಬರಿನಿಂದ ಫೆಬ್ರವರಿ ತನಕ ಪ್ರತಿ ತಿರುವಿನ ಆಚೆ ಒಕ್ಕಣೆ ಇದೆ ಎಂದೇ ತಿಳಿದು ಓಡಿಸೋಣ.

ಒಕ್ಕಣೆ ಒಂದೇ ಅಲ್ಲ. ಗಾಳಿ ಬೀಸಿದ ರಾತ್ರಿಯ ಮಾರನೆ ಬೆಳಗ್ಗೆ ರಸ್ತೆಗೆ ಅಡ್ಡ ಬಿದ್ದ ತೆಂಗಿನ ಗರಿ. ಕಾಯಿ ತುಂಬಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್. ರಸ್ತೆಯ ಎರಡೂ ಬದಿಗೆ ಚಾಚಿಕೊಂಡು ಹೋಗುವ ನಾರಿನ ಲಾರಿ. ಅಶ್ವಿನಿ, ಭರಣಿಯ ಮೊದಲ ಹನಿಗೆ ಧೂಳೂ ಎಣ್ಣೆಯೂ ಕಲಸಿ ಸಾಬೂನಿನಂತಾಗುವ ಟಾರು. ಈ ಕಡೆಯ ತೋಟದಿಂದ ಆ ಕಡೆಯ ತೋಟಕ್ಕೆ ದನ ಹಿಡಿದು ದಾಟುವ ಹೆಂಗಸು. ಅವಳಿಗೆ ಅದು ರಸ್ತೆ ಅಲ್ಲ, ಮನೆಯಂಗಳ. ಅಂಗಳದಲ್ಲಿ ಯಾರಾದರೂ 80ರಲ್ಲಿ ಹೋಗುತ್ತಾರಾ?

108 ಗಾಡಿ ಹೊರಟ ಮೇಲೆ ಉಳಿದ ಬೈಕುಗಳನ್ನು ಬದಿಗೆ ನಿಲ್ಲಿಸಿ ನಾನು ಸ್ವಲ್ಪ ಹೊತ್ತು ಅಜ್ಜಿಯ ಜಗಲಿಯಲ್ಲಿ ಕೂತೆ. ಕೈ ನಡುಗುತ್ತಿತ್ತು. ಅವಳು ಕಾಫಿ ಕೊಟ್ಟಳು. ತಲೆಯ ಮೇಲೆ ಅಟ್ಟದ ತುಂಬ ಕಾಯಿ. ಹತ್ತು ಹನ್ನೊಂದು ತಿಂಗಳು ಅವು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು ಗಿಟುಕಾಗಬೇಕು. ಅವಳು ಕೈಗೆ ಸಿಕ್ಕ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು, ಗಡಗಡ ಸದ್ದು ಬಾರದೆ ಮತ್ತೆ ಅಟ್ಟಕ್ಕೆ ಇಟ್ಟಳು. ಆಮೇಲೆ ನನ್ನ ಮುಖ ನೋಡಿ, ಬೈಯದೆ, ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ಯಾಕಪ್ಪ ಹಂಗೆ ಓಡ್ತೀರ? ಯಾರಾದ್ರೂ ಅಟ್ಟಿಸ್ಕಂಡ್ ಬರ್ತಾವ್ರಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಿಮ್ಮಲ್ಲಿ ಇದ್ದರೆ ಹೇಳಿ.

ನಮ್ಮಲ್ಲಿ ಮುಕ್ಕಾಲು ಪಾಲು ಜನ ತೆಂಗು ಬೆಳೆಯುವ ಮನೆಯ ಮಕ್ಕಳು. ನಮ್ಮ ಗಾಡಿಯ ಕಂತು ಕಟ್ಟಿದ್ದು ಕೊಬ್ಬರಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇದ್ದಾಗ, ಮಾರಲೋ ಕಾಯಲೋ ಎಂದು ನಮ್ಮ ಮನೆಗಳಲ್ಲಿ ಎಷ್ಟು ರಾತ್ರಿ ಮಾತಾಯಿತು ಎಂಬುದು ನಿಮಗೇ ಗೊತ್ತು. ನುಸಿ ಪೀಡೆ ಬಂದು ಕಾಯಿ ಗಿಡ್ಡವಾದ ವರ್ಷಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅಂಥ ಮನೆಯ ಹಿರಿಯರು ಭಾನುವಾರ ಬೆಳಗ್ಗೆ ಮಗ, ಮಗಳು ಗಾಡಿ ಹೊರಡಿಸುವಾಗ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಮುಖವೂ ನಿಮ್ಮ ಕನ್ನಡಿಯಲ್ಲಿ ಒಂದು ಕ್ಷಣ ಕಾಣುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅದರಲ್ಲಿ 14,337 ಮಂದಿ ಹಿಂದೆ ಕೂತವರು. ನಮ್ಮ ಬಳಗದಲ್ಲಿ ಓಡಿಸುವವರೆಲ್ಲ ಹೆಲ್ಮೆಟ್ ಹಾಕುತ್ತಾರೆ, ಸಂತೋಷ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಸಂತೆಗೋ ಮದುವೆಗೋ ಹೋಗುವಾಗ ಅವರ ತಲೆಯ ಮೇಲೆ ಏನಿರುತ್ತದೆ? ಟ್ರಿಪ್ಪಿನ ದಿನ ಮಾತ್ರ ಸವಾರರಾಗಿ, ಮಿಕ್ಕ ಆರು ದಿನ ಬರಿದಲೆಯಲ್ಲಿ ಓಡಾಡುವುದು ಬೇಡ.

ಕೊಡಚಾದ್ರಿಗೆ ಹೋಗುವ ಮುಂಚೆ ನಾವೆಲ್ಲ ಒಂದು ದಿನ ಪ್ರಥಮ ಚಿಕಿತ್ಸೆ ಕಲಿಯೋಣ. ನಮ್ಮ ಬಳಗದಲ್ಲೇ ನರ್ಸ್ ತಂಗಿ ಇದ್ದಾಳೆ, ಕಲಿಸುತ್ತೇನೆ ಎಂದು ಒಪ್ಪಿದ್ದಾಳೆ. ರಕ್ತ ನಿಲ್ಲಿಸುವುದು ಹೇಗೆ, ಉಸಿರಾಡುತ್ತಿರುವವರ ಹೆಲ್ಮೆಟ್ಟನ್ನು ಏಕೆ ಎಳೆದು ತೆಗೆಯಬಾರದು, ಕತ್ತು ಅಲುಗದಂತೆ ಹಿಡಿಯುವುದು ಹೇಗೆ, ಇವು ನಮ್ಮ ಕೈಗೆ ಬರಬೇಕು. ಈ ರಸ್ತೆಗಳಲ್ಲಿ ಯಾರೇ ಬಿದ್ದರೂ, ನಮ್ಮವರಾಗಲಿ ಬೇರೆಯವರಾಗಲಿ, ಮೊದಲು ಸಿಗುವವರು ನಾವಾಗಿರಬಹುದು. ಪೊಲೀಸು, ಕೋರ್ಟು ಎಂದು ಹೆದರಬೇಡಿ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ರಕ್ಷಣೆ ಕೊಡಲು ಕರ್ನಾಟಕ 2016ರಲ್ಲೇ ಕಾನೂನು ಮಾಡಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ಅದನ್ನು ಇಡೀ ದೇಶಕ್ಕೆ ಹೇಳಿದೆ. ಇಷ್ಟವಿಲ್ಲದಿದ್ದರೆ ಹೆಸರನ್ನೂ ಹೇಳಬೇಕಿಲ್ಲ.

ಹೊರಊರುಗಳಿಂದ ಬರುವ ಸವಾರ ಗೆಳೆಯರಿಗೆ ಎರಡು ಮಾತು. ನೀವು ತುಮಕೂರು ದಾಟಿ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗುವಾಗ ನಮ್ಮ ಊರುಗಳ ನಡುವೆ ಹಾದುಹೋಗುತ್ತೀರಿ. ದಯವಿಟ್ಟು ಊರೊಳಗೆ ಎಂಜಿನ್ ಗುಡುಗಿಸಬೇಡಿ. ಸೈಲೆನ್ಸರ್ ಒಳಗಿನ ತಡೆ ಕಿತ್ತು ಸದ್ದು ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ ಎಂಬುದು ಸುಳ್ಳು ಎಂದು 30 ವರ್ಷದ ಕೆಲಸದ ಮೇಲೆ ಹೇಳುತ್ತೇನೆ. ಆ ಸದ್ದಿಗೆ ಕಟ್ಟಿದ ಹಸು ಹಗ್ಗ ಜಗ್ಗುತ್ತದೆ, ತೊಟ್ಟಿಲ ಮಗು ಬೆಚ್ಚುತ್ತದೆ. ಒಮ್ಮೆ ನಿಂತು ತೋಟದ ಬದಿಯಲ್ಲಿ ಎಳನೀರು ಕುಡಿದು, ಕೊಟ್ಟವರ ಹೆಸರು ಕೇಳಿ ಹೋಗಿ. ಕೆ.ಬಿ. ಕ್ರಾಸಿನಲ್ಲಿ ಎಡಕ್ಕೆ ತಿರುಗಿದರೆ ತುರುವೇಕೆರೆ, ಬಲಕ್ಕೆ ತಿರುಗಿದರೆ ಚಿಕ್ಕನಾಯಕನಹಳ್ಳಿ. ನೇರ ಹೋಗುವವರು ಈ ಎರಡನ್ನೂ ನೋಡಿಲ್ಲ.

ನೇರ ಹೋಗುವವರೇಕೆ, ನಾವೇ ನೋಡಿಲ್ಲ. ಗೋಕರ್ಣ, ಊಟಿ, ಲಡಾಖ್ ನೋಡಿ ಬಂದವರು ನಮ್ಮಲ್ಲಿದ್ದಾರೆ, ಅರಳಗುಪ್ಪೆ ನೋಡದವರು ಅದಕ್ಕಿಂತ ಹೆಚ್ಚಿದ್ದಾರೆ. ಅಲ್ಲಿಯ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ನಟ್ಟನಡುವೆ ಶಿವ ಕುಣಿಯುತ್ತಾನೆ, ಸುತ್ತ ಎಂಟು ದಿಕ್ಕಿನ ದೇವತೆಗಳು. ಸಾವಿರ ವರ್ಷಕ್ಕೂ ಹಳೆಯದು. ನೋಡಬೇಕಾದರೆ ಹೆಲ್ಮೆಟ್ ತೆಗೆದು, ಕತ್ತೆತ್ತಿ, ಸುಮ್ಮನೆ ನಿಲ್ಲಬೇಕು.

ಅದಕ್ಕೆ ನನ್ನ ಕೋರಿಕೆ. ಮುಂದಿನ ಟ್ರಿಪ್ಪು ನಮ್ಮ ಮೂರು ತಾಲ್ಲೂಕಿನ ಒಳಗೇ ಆಗಲಿ. ತಿಪಟೂರಿನಿಂದ ನೊಣವಿನಕೆರೆ, ಕೆರೆ ಏರಿಯ ಮೇಲೆ ಬೆಳಗಿನ ಬಿಸಿಲು. ಅಲ್ಲಿಂದ ಹತ್ತಿರದಲ್ಲೇ ವಿಘ್ನಸಂತೆ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ 1286ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ಗುಡಿ. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರ, ಗಂಗಾಧರೇಶ್ವರ ಗುಡಿಯ ನುಣುಪಾದ ಕರಿಕಲ್ಲಿನ ನಂದಿ. ಬಾಣಸಂದ್ರದ ಮೇಲೆ ಅರಳಗುಪ್ಪೆ. ಕೆ.ಬಿ. ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿ, ಶೆಟ್ಟಿಕೆರೆ ಮೇಲೆ ಮನೆಗೆ. ಎಲ್ಲ ಸೇರಿ ಸುಮಾರು 100 ಕಿಲೋಮೀಟರ್, ಇಡೀ ದಿನ ನಮ್ಮದು. ಇಷ್ಟು ಸಾಲದೆನಿಸಿದವರಿಗೆ ಸುವರ್ಣಮುಖಿಗೆ ಅಡ್ಡ ಕಟ್ಟಿದ ಬೋರನಕಣಿವೆ ಇನ್ನೊಂದು ಭಾನುವಾರಕ್ಕೆ ಇರಲಿ. ಮನೆಯ ಸುತ್ತಿನ ಈ 100 ಕಿಲೋಮೀಟರಿನಲ್ಲಿ ಕನ್ನಡಿ ನೋಡಿ ಓಡಿಸಲು ಕಲಿತರೆ ಕೊಡಚಾದ್ರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಯುಗಾದಿ ಕಳೆದ ಮೊದಲ ಭಾನುವಾರ ಬೆಳಗ್ಗೆ 6 ಗಂಟೆಗೆ ನನ್ನ ಗ್ಯಾರೇಜಿನ ಮುಂದೆ ಸೇರೋಣ. ಕನ್ನಡಿ ಇಲ್ಲದ ಗಾಡಿಗಳನ್ನು ಹಿಂದಿನ ದಿನ ತಂದುಬಿಡಿ, ಹಾಕಿಕೊಡುತ್ತೇನೆ. ಕನ್ನಡಿಗೆ ಮಾತ್ರ ದುಡ್ಡು, ಕೂಲಿ ಬೇಡ.

ಶೆಟ್ಟಿಕೆರೆ ರಸ್ತೆಯಲ್ಲಿ ಬರುವಾಗ ಆ ತಿರುವಿನ ಮನೆಯ ಮುಂದೆ ನಿಲ್ಲುವುದಿದೆ. ಅಜ್ಜಿಯ ಟವೆಲ್ ಒಗೆದು ಮಡಚಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅದನ್ನು ನಮ್ಮ ಹುಡುಗನೇ ತನ್ನ ಕೈಯಾರೆ ಕೊಡಲಿ. ಅಷ್ಟು ಹೊತ್ತಿಗೆ 14 ಗಾಡಿಗಳೂ ಅವಳ ಅಂಗಳದಲ್ಲಿ ನಿಂತಿರಲಿ, ಕೊನೆಯ ಗಾಡಿ ಬಂದು ನಿಲ್ಲುವ ತನಕ ಯಾರೂ ಒಳಗೆ ಹೋಗುವುದು ಬೇಡ.

ನಿಮ್ಮವನೇ,
ಬಳಗದ ಹಿಂಗಾವಲು ಸವಾರ
ಬಿ.ಎಚ್. ರಸ್ತೆ, ತಿಪಟೂರು